ಕೂದಲಿಗೆ ಕಪ್ಪು ಹಚ್ಚುವ ಮುನ್ನ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಹಿಂದಿನ ದಿನ ಅವಸರದಲ್ಲಿ ಕೂದಲಿಗೆ ಕಪ್ಪು ಹಚ್ಚಿಕೊಂಡೆ. ಬೆಳಗಾಗುವುದರೊಳಗೆ ಹಣೆ, ಕಿವಿ ಊದಿ ಕಣ್ಣೇ ತೆರೆಯಲಾಗಲಿಲ್ಲ. ಜಾತ್ರೆ ಹೋಯ್ತು, ಆಸ್ಪತ್ರೆ ಬಂತು! ಅದಕ್ಕೇ ನಮ್ಮ ಘಾಟಬೋರಾಳದ ಅಕ್ಕತಂಗಿಯರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಕಾಯಂ ಕಪ್ಪು ಬಣ್ಣಗಳಲ್ಲಿ ಹೆಚ್ಚಾಗಿ ಪಿ.ಪಿ.ಡಿ. ಎಂಬ ರಾಸಾಯನಿಕ ಇರುತ್ತದೆ. ಹತ್ತು ಸಲ ಒಗ್ಗಿದ್ದು ಹನ್ನೊಂದನೇ ಸಲ ಒಗ್ಗದೇ ಹೋಗಬಹುದು. ಪ್ರತಿ ಸಲವೂ ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಿರಿ. ತುರಿಕೆ, ಉರಿ ಬಂದರೆ ಆ ಬಣ್ಣ ಬೇಡವೇ ಬೇಡ. ಶುದ್ಧ ಮೆಹಂದಿ ಕೊಡುವುದು ಕೆಂಬಣ್ಣ ಮಾತ್ರ. ‘ಕಪ್ಪು ಮೆಹಂದಿ’ಯಲ್ಲೂ ಪಿ.ಪಿ.ಡಿ. ಇರಬಹುದು, ಪೊಟ್ಟಣ ಓದಿ ಕೊಳ್ಳಿ. ಹುಬ್ಬಿಗೆ ಹಚ್ಚಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಹೊಟ್ಟೆಗೆ ಹೋದರೆ ಗಂಟಲು ಊದಿ ಪ್ರಾಣಕ್ಕೇ ಅಪಾಯ.

ಇನ್ನು ಕೂದಲು ನೇರ ಮಾಡಿಸುವುದು. ಕೆಲವು ದ್ರಾವಣ ಹಚ್ಚಿ ಬಿಸಿ ಇಸ್ತ್ರಿ ಎಳೆದಾಗ ಫಾರ್ಮಾಲ್ಡಿಹೈಡ್ ಆವಿ ಏಳುತ್ತದೆ. ಕಣ್ಣು, ಗಂಟಲು ಉರಿಯುತ್ತವೆ. ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ನಿರಪಾಯವಲ್ಲ: ಅದರಿಂದ ಒಬ್ಬ ತರುಣಿಯ ಮೂತ್ರಪಿಂಡಕ್ಕೆ ಪೆಟ್ಟಾಗಿದ್ದನ್ನು 2024ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. ಇಷ್ಟಾಗಿಯೂ ಬುಡದಿಂದ ಬರುವ ಹೊಸ ಕೂದಲು ಗುಂಗುರೇ! ಮಾಡಿಸಲೇಬೇಕೆಂದರೆ ಸೀಸೆಯ ಚೀಟಿ ತೋರಿಸಿರೆಂದು ಕೇಳಿ. ಕೇಳಲು ನಾಚಿಕೆ ಯಾಕೆ?

ಎರಡು ಬಿಳಿಕೂದಲಿಗಾಗಿ ಮೈ ಕೆಡಿಸಿಕೊಳ್ಳುವುದು ಜಾಣತನವಲ್ಲ, ಅಲ್ಲವೇ?