ಸಕ್ಕರೆ ಕಾಯಿಲೆ ಇದೆಯೇ? ಕಣ್ಣು ಮಂಜಾಗುವ ಮೊದಲೇ ತೋರಿಸಿಕೊಳ್ಳಿ



“ಕಣ್ಣು ಚೆನ್ನಾಗೇ ಕಾಣ್ತದಲ್ಲ, ಆಸ್ಪತ್ರೆಗ್ಯಾಕೆ?” ಸಕ್ಕರೆ ಕಾಯಿಲೆ ಇರುವವರಿಂದ ನಾವು ಹಳ್ಳಿಗಳಲ್ಲಿ ಕೇಳುವ ಮಾತಿದು. ಕೊಬ್ಬರಿಗೆಂದು ಅಟ್ಟದಲ್ಲಿಟ್ಟ ಕಾಯಿ ಹೊರಗೆ ಚೆನ್ನಾಗೇ ಇರುತ್ತದೆ, ಒಳಗೆ ಕೆಟ್ಟಿದ್ದರೆ ಒಡೆದಾಗಲೇ ಗೊತ್ತು. ಈ ರೋಗವೂ ಹಾಗೆಯೇ.

ಏನಾಗುತ್ತದೆ?
ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ತೆಳು ಪರದೆಯಿದೆ. ಸಕ್ಕರೆ ಅಂಶ ವರ್ಷಗಟ್ಟಲೆ ಹೆಚ್ಚಿದ್ದರೆ ಅಲ್ಲಿನ ಸಣ್ಣ ರಕ್ತನಾಳಗಳು ಹಾಳಾಗಿ ಸೋರುತ್ತವೆ. ಮೊದಮೊದಲು ನೋವಿಲ್ಲ, ಮಂಜಿಲ್ಲ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲುವ ಹೊತ್ತಿಗೆ ರೋಗ ಬಲಿತಿರಬಹುದು.

ಪತ್ತೆ ಹೇಗೆ?
ಕನ್ನಡಕದ ಪರೀಕ್ಷೆ ಸಾಲದು. ಕಣ್ಣಿಗೆ ಔಷಧಿ ಬಿಟ್ಟು, ಪಾಪೆ ಅಗಲವಾದ ಮೇಲೆ ಡಾಕ್ಟರು ಒಳಗಿನ ಪರದೆ ನೋಡುತ್ತಾರೆ. ಕೆಲವು ಗಂಟೆ ನೋಟ ಮಸುಕಾಗಿರುತ್ತದೆ, ಜೊತೆಗೊಬ್ಬರು ಇರಲಿ. ದೊಡ್ಡವರಿಗೆ ಸಕ್ಕರೆ ಕಾಯಿಲೆ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು. ಮೊದಲೇ ಸಕ್ಕರೆ ಕಾಯಿಲೆ ಇದ್ದು ಬಸುರಾದವರು ಮೊದಲ ತಿಂಗಳುಗಳಲ್ಲೇ ತೋರಿಸಬೇಕು.

ಚಿಕಿತ್ಸೆ ಏನು?
ಸಕ್ಕರೆ, ಬಿ.ಪಿ. ಹತೋಟಿಯೇ ಮೊದಲ ಮದ್ದು. ರೋಗ ಮುಂದುವರಿದಿದ್ದರೆ ಲೇಸರ್ ಅಥವಾ ಕಣ್ಣಿಗೆ ಇಂಜೆಕ್ಷನ್, ಕೆಲವರಿಗೆ ಆಪರೇಷನ್. ಇವು ಮುಖ್ಯವಾಗಿ ಉಳಿದ ದೃಷ್ಟಿಯನ್ನು ಕಾಪಾಡುತ್ತವೆ. ಹೋದದ್ದೆಲ್ಲ ಮರಳಿ ಬರುವುದಿಲ್ಲ. ಅದಕ್ಕೇ ತಡ ಬೇಡ.

ಎಲ್ಲಿಗೆ ಹೋಗಬೇಕು?
ಕಣ್ಣಿನ ಡಾಕ್ಟರು ಯಾವ ದಿನ ಸಿಗುತ್ತಾರೆಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ದೊಡ್ಡ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ.

ಮುಂದಿನ ಸಭೆಯಲ್ಲಿ ಉಳಿತಾಯ ಬರೆದಾದ ಮೇಲೆ ಒಂದು ಪ್ರಶ್ನೆ ಕೇಳೋಣ: ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆ? ಕಣ್ಣು ತೋರಿಸಿ ಎಷ್ಟು ದಿನ ಆಯ್ತು? ಒಬ್ಬರೇ ಹೋಗಲು ಹಿಂಜರಿದರೆ, ನಾಲ್ಕೈದು ಜನ ಸೇರಿ ಒಂದೇ ಬಸ್ಸಿಗೆ ಹೋಗಿಬನ್ನಿ.