ಮರವೂ ಹಿಗ್ಗುತ್ತದೆ, ಕುಗ್ಗುತ್ತದೆ!

ಮಕ್ಕಳೇ, ಅಕ್ಕನ ಮದುವೆಗೆ ಬಳೆ, ಓಲೆ ಇಡುವ ಮರದ ಪೆಟ್ಟಿಗೆ ಮಾಡಿಕೊಡುವ ಆಸೆಯೇ? ಮೊದಲು ಮರದ ಗುಣ ತಿಳಿಯಿರಿ.

ಮುಧೋಳದ ಬೇಸಿಗೆಯ ಒಣಹವೆಯಲ್ಲಿ ಹಲಗೆ ತೇವ ಕಳೆದುಕೊಂಡು ಕುಗ್ಗುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಹಿಗ್ಗುತ್ತದೆ. ಮರದಲ್ಲಿ ಸಣ್ಣ ಸಣ್ಣ ನಾರುಗಳಿವೆ. ತೇವವು ನಾರಿನ ಗೋಡೆಯೊಳಗೆ ಸೇರಿದಾಗ ನಾರು ದಪ್ಪವಾಗುತ್ತದೆ. ಉದ್ದವಾಗುವುದು ತೀರಾ ಕಡಿಮೆ. ಹಾಗಾಗಿ ಹಲಗೆ ಅಗಲಕ್ಕೇ ಹೆಚ್ಚು ಹಿಗ್ಗುತ್ತದೆ.

ಆದ್ದರಿಂದ ನೆರಳಿನಲ್ಲಿ ಚೆನ್ನಾಗಿ ಒಣಗಿದ ಬೇವಿನ ಹಲಗೆ ಆರಿಸಿ. ಅದಕ್ಕೆ ಹುಳು ಬೀಳುವುದೂ ಕಡಿಮೆ. ಕೊಯ್ಯುವ ಕೆಲಸ ಬಡಿಗೇರರಿಗೆ ಬಿಡಿ. ಬೇಸಿಗೆಯಲ್ಲಿ ಮಾಡುವುದಾದರೆ, ಒಳಗೆ ಕೂರುವ 10 ಸೆಂ.ಮೀ. ಅಗಲದ ಮುಚ್ಚಳಕ್ಕೆ ಸುಮಾರು 1 ಮಿ.ಮೀ. ಸಂದು ಇರಲಿ. ಇಲ್ಲವಾದರೆ ಮಳೆಗಾಲದಲ್ಲಿ ಮುಚ್ಚಳ ಬಿಗಿದು, ಅಕ್ಕನಿಗೆ ಓಲೆಯೇ ಸಿಗದು!

ಏಪ್ರಿಲ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಮುಚ್ಚಳದ ಅಂಚಿನ ಸಂದು ನೋಡಿ. ಯಾವಾಗ ಕಿರಿದಾಗಿದೆ?