ಸೋಮವಾರದ ಬೆಲೆ

1995ರ ಏಪ್ರಿಲ್ 29ರಂದು ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗಿನ ಮೇ ಡೇ ಕ್ರೀಡಾಂಗಣದಲ್ಲಿ ಜಪಾನಿನ ಅಂಟೋನಿಯೊ ಇನೋಕಿ ಮತ್ತು ಅಮೆರಿಕದ ರಿಕ್ ಫ್ಲೇರ್ ಕಾದಾಡಿದರು. ನೋಡುವುದಕ್ಕೆ ಕೂತವರು ಒಂದೂವರೆ ಲಕ್ಷಕ್ಕೂ ಹೆಚ್ಚು ಎಂದು ಸಾರಲಾಯಿತು. 1 ಲಕ್ಷ 90 ಸಾವಿರ ಎಂದು ಬರೆದವರೂ ಇದ್ದಾರೆ. ಹಿಂದಿನ ದಿನದ ಜನರನ್ನೂ ಸೇರಿಸಿದರೆ ಎರಡು ದಿನಕ್ಕೆ ಮೂರು ಲಕ್ಷ ದಾಟುತ್ತದೆ. ಕುಸ್ತಿಯ ಹೆಸರಿನಲ್ಲಿ ಒಂದೇ ಕಡೆ ಇಷ್ಟು ಜನ ಸೇರಿದ ಇನ್ನೊಂದು ಉದಾಹರಣೆ ಇಲ್ಲ. ಆದರೆ ಆ ಜನ ಟಿಕೆಟ್ ಕೊಂಡು ಬಂದವರಲ್ಲ. ಬರಬೇಕೆಂದು ಸರ್ಕಾರ ಹೇಳಿತ್ತು, ಬಂದಿದ್ದರು.

ಅಮೆರಿಕದ ತಂಡದೊಂದಿಗೆ ಅಲ್ಲಿಗೆ ಹೋಗಿದ್ದವರು ಡಬ್ಲ್ಯೂಸಿಡಬ್ಲ್ಯೂ ಎಂಬ ಕುಸ್ತಿ ಕಂಪನಿಯ ಮುಖ್ಯಸ್ಥ ಎರಿಕ್ ಬಿಷಾಫ್. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ವಿನ್ಸ್ ಮೆಕ್‌ಮ್ಯಾನ್ ಅವರ ಡಬ್ಲ್ಯೂಡಬ್ಲ್ಯೂಎಫ್ ವಿರುದ್ಧ ಜಗಳ ತೆಗೆದರು. ಐದೂವರೆ ವರ್ಷ ನಡೆದ ಆ ಜಗಳದಲ್ಲಿ ಕ್ರೀಡಾಂಗಣದ ತಲೆಲೆಕ್ಕಕ್ಕೆ ಕಿಮ್ಮತ್ತೇ ಇರಲಿಲ್ಲ.

ಯಾಕೆಂದರೆ ತಲೆಲೆಕ್ಕವನ್ನು ಈ ಉದ್ಯಮದಲ್ಲಿ ಯಾರೂ ಪೂರ್ತಿ ನಂಬುತ್ತಿರಲಿಲ್ಲ. 1987ರ ಮಾರ್ಚ್ 29ರಂದು ಪಾಂಟಿಯಾಕ್ ಸಿಲ್ವರ್‌ಡೋಮಿನಲ್ಲಿ ಹಲ್ಕ್ ಹೋಗನ್, ದೈತ್ಯ ಆಂಡ್ರೆಯನ್ನು ಎತ್ತಿ ಹಾಕಿದಾಗ ನೋಡಿದವರು 93,173 ಜನ ಎಂದು ಡಬ್ಲ್ಯೂಡಬ್ಲ್ಯೂಎಫ್ ಸಾರಿತು. ಕುಸ್ತಿ ವರದಿಗಾರ ಡೇವ್ ಮೆಲ್ಟ್ಜರ್ ಕಂಡುಕೊಂಡ ಲೆಕ್ಕ ಸುಮಾರು 78,000. ಎಪ್ಪತ್ತೆಂಟು ಸಾವಿರವೂ ಕಡಿಮೆಯೇನಲ್ಲ, ಆದರೂ ಹದಿನೈದು ಸಾವಿರ ಸೇರಿಸದೆ ಸಮಾಧಾನವಿರಲಿಲ್ಲ. ಆ ಚಾಳಿ ಇನ್ನೂ ಹೋಗಿಲ್ಲ. 2023ರ ಆಗಸ್ಟಿನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಎಇಡಬ್ಲ್ಯೂ ಎಂಬ ಹೊಸ ಕಂಪನಿ 81,035 ಎಂದು ಘೋಷಿಸಿತು. ಆ ಬಡಾವಣೆಯ ಸ್ಥಳೀಯ ಆಡಳಿತದ ದಾಖಲೆಯಲ್ಲಿ ಗೇಟು ದಾಟಿ ಒಳಗೆ ಬಂದವರು 72,265.

ಎತ್ತರ, ತೂಕ, ಎದೆಯ ಸುತ್ತಳತೆ ಎಲ್ಲಕ್ಕೂ ಇದೇ ಗತಿ. ತೊಂಬತ್ತರ ದಶಕದಲ್ಲಿ ನಮ್ಮ ಹಳ್ಳಿ ಪೇಟೆಗಳ ಮಕ್ಕಳು ಟ್ರಂಪ್ ಕಾರ್ಡುಗಳಲ್ಲಿ ಈ ಅಂಕಿಗಳನ್ನು ಮಗ್ಗಿಯಷ್ಟೇ ಶ್ರದ್ಧೆಯಿಂದ ಬಾಯಿಪಾಠ ಮಾಡಿದ್ದರು. ಯಾರ ತೂಕ ಎಷ್ಟು, ಯಾರು ಎಷ್ಟು ಕುಸ್ತಿ ಗೆದ್ದಿದ್ದಾರೆ ಎಂದು ನಿದ್ದೆಯಲ್ಲೂ ಹೇಳಬಲ್ಲವರಾಗಿದ್ದರು. ಅಂಡರ್‌ಟೇಕರ್‌ಗೆ ಏಳು ಜೀವ ಎಂಬುದೂ ಆ ಲೆಕ್ಕದಲ್ಲಿ ಸೇರಿತ್ತು! ಆ ಕಾರ್ಡುಗಳಲ್ಲಿ ಇಲ್ಲದ ಒಂದೇ ಅಂಕಿ ಅಮೆರಿಕದಲ್ಲಿ ಪ್ರತಿ ಮಂಗಳವಾರ ಹೊರಬೀಳುತ್ತಿತ್ತು. ಅದು ನೀಲ್ಸನ್ ಕಂಪನಿಯ ರೇಟಿಂಗ್.

ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದು ಮೊದಲೇ ತೀರ್ಮಾನವಾಗುವ ಆಟದಲ್ಲಿ ಮೊದಲೇ ತೀರ್ಮಾನಿಸಲಾಗದ ಫಲಿತಾಂಶ ಅದೊಂದೇ. ಹಿಂದಿನ ರಾತ್ರಿ ಎಷ್ಟು ಮನೆಗಳು ಯಾವ ಚಾನೆಲ್ ಹಾಕಿಕೊಂಡಿದ್ದವು ಎಂಬುದನ್ನು ಕಾಲುಗಂಟೆಗೊಂದರಂತೆ ಬಿಡಿಸಿ ಕೊಡುತ್ತಿದ್ದರು. ಒಂದು ಪಾಯಿಂಟ್ ಎಂದರೆ ಚಾನೆಲ್ ತಲುಪುವ ಮನೆಗಳಲ್ಲಿ ನೂರಕ್ಕೆ ಒಂದು ಪಾಲು, ಆ ಕಾಲಕ್ಕೆ ಏಳೆಂಟು ಲಕ್ಷ ಮನೆ. ಅಖಾಡದಲ್ಲಿ ಗೆದ್ದು ಪಟ್ಟ ಹೊತ್ತವನು ಮಂಗಳವಾರ ಮಧ್ಯಾಹ್ನ ತನ್ನ ಕಾಲುಗಂಟೆಯಲ್ಲಿ ಜನ ಬೇರೆ ಚಾನೆಲ್ಲಿಗೆ ಹೋಗಿದ್ದಾರೆಂದು ತಿಳಿದು ಸೋಲುತ್ತಿದ್ದ. ಎರಡೂ ಕಂಪನಿಗಳ ನಿಜವಾದ ಕುಸ್ತಿ ಇದು, ಮತ್ತು ಇದರ ಅಖಾಡ ಸೋಮವಾರ ರಾತ್ರಿಯ ಟಿವಿ ಹೊತ್ತು.

ಟಿವಿಯ ಹೊತ್ತಿಗಾಗಿ ನಡೆದ ಕಿತ್ತಾಟ ಹಳೆಯದೇ. ಮೊದಲು ಅಮೆರಿಕದ ಒಂದೊಂದು ಸೀಮೆಗೂ ಒಬ್ಬೊಬ್ಬ ಕುಸ್ತಿ ಧಣಿ ಇದ್ದ. ಒಬ್ಬನ ಗಡಿಯೊಳಗೆ ಇನ್ನೊಬ್ಬ ಕಾಲಿಡಬಾರದೆಂಬ ಒಪ್ಪಂದವಿತ್ತು. 1982ರಲ್ಲಿ ಅಪ್ಪನಿಂದ ಕಂಪನಿ ಕೊಂಡ ವಿನ್ಸ್ ಮೆಕ್‌ಮ್ಯಾನ್ ಆ ಗಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1984ರಲ್ಲಿ ಜಾರ್ಜಿಯಾದ ಕುಸ್ತಿ ಕಂಪನಿಯ ಬಹುಪಾಲು ಷೇರು ಕೊಂಡು, ಟೆಡ್ ಟರ್ನರ್ ಅವರ ಚಾನೆಲ್ಲಿನ ಶನಿವಾರ ಸಂಜೆಯ ಹೊತ್ತನ್ನು ಹಿಡಿದುಕೊಂಡರು. ಜುಲೈ 14ರಂದು ತಮ್ಮ ಊರಿನ ಜಟ್ಟಿಗಳ ಬದಲು ಅಪರಿಚಿತ ಮುಖಗಳನ್ನು ಕಂಡ ಪ್ರೇಕ್ಷಕರು ಸಿಟ್ಟಿನಿಂದ ಚಾನೆಲ್ಲಿಗೆ ಫೋನಾಯಿಸಿದರು. ಟರ್ನರ್ ಜೊತೆಗೂ ಹೊಂದಿಕೆಯಾಗದೆ, ಮರುವರ್ಷ ಮೆಕ್‌ಮ್ಯಾನ್ ಆ ಹೊತ್ತನ್ನು ಜಿಮ್ ಕ್ರಾಕೆಟ್ ಅವರಿಗೆ 10 ಲಕ್ಷ ಡಾಲರಿಗೆ ಮಾರಿದರು. 1988ರಲ್ಲಿ ಕ್ರಾಕೆಟ್ ಕಂಪನಿಯನ್ನು ಟರ್ನರ್ ಅವರೇ ಕೊಂಡರು. ಅದೇ ಡಬ್ಲ್ಯೂಸಿಡಬ್ಲ್ಯೂ ಆಯಿತು.

ಮೆಕ್‌ಮ್ಯಾನ್‌ಗೆ ಪೈಪೋಟಿ ಕೊಡಲು ಏನು ಬೇಕು ಎಂದು 1995ರಲ್ಲಿ ಟರ್ನರ್ ಕೇಳಿದರಂತೆ. ಪ್ರೈಮ್‌ಟೈಮ್ ಬೇಕು ಎಂದು ಬಿಷಾಫ್ ಥಟ್ಟನೆ ಉತ್ತರಿಸಿದರಂತೆ. ಬಿಷಾಫ್ ತಾವೇ ಹೇಳಿಕೊಂಡಿರುವ ಕಥೆ ಇದು. ಸೆಪ್ಟೆಂಬರ್ 4ರ ಸೋಮವಾರ, ಡಬ್ಲ್ಯೂಡಬ್ಲ್ಯೂಎಫ್‌ನ ‘ರಾ’ ಪ್ರಸಾರವಾಗುತ್ತಿದ್ದ ವಾರದ ಅದೇ ರಾತ್ರಿ, ಮಿನೆಸೋಟದ ಒಂದು ಮಾಲ್‌ನಿಂದ ಡಬ್ಲ್ಯೂಸಿಡಬ್ಲ್ಯೂನ ‘ನೈಟ್ರೊ’ ಶುರುವಾಯಿತು. ಹಿಂದಿನ ದಿನವಷ್ಟೇ ಡಬ್ಲ್ಯೂಡಬ್ಲ್ಯೂಎಫ್ ಅಖಾಡದಲ್ಲಿ ಆಡಿದ್ದ ಲೆಕ್ಸ್ ಲೂಗರ್ ಅಲ್ಲಿ ನಡೆದು ಬಂದ. ಡಿಸೆಂಬರಿನಲ್ಲಿ ಮೆಡುಸಾ ಎಂಬಾಕೆ ಎದುರಾಳಿ ಕಂಪನಿಯ ಮಹಿಳಾ ಪಟ್ಟವನ್ನೇ ತಂದು ನೇರ ಪ್ರಸಾರದಲ್ಲಿ ಕಸದ ಬುಟ್ಟಿಗೆ ಹಾಕಿದಳು. ‘ರಾ’ದ ಸಂಚಿಕೆಗಳನ್ನು ಎಷ್ಟೋ ಸಲ ಮುಂಚೆಯೇ ಚಿತ್ರೀಕರಿಸಿ ಇಡುತ್ತಿದ್ದರು. ‘ನೈಟ್ರೊ’ ನೇರ ಪ್ರಸಾರ. ಹಾಗಾಗಿ ಬಿಷಾಫ್ ಮೈಕ್ ಹಿಡಿದು, ಇವತ್ತು ಅಲ್ಲಿ ಇಂಥವನು ಗೆಲ್ಲುತ್ತಾನೆ, ನೋಡಬೇಕಿಲ್ಲ ಎಂದು ಎದುರಾಳಿಯ ಫಲಿತಾಂಶ ಹೇಳಿಬಿಡುತ್ತಿದ್ದರು.

1996ರ ಜುಲೈ 7ರಂದು, ಆಗ ಡಬ್ಲ್ಯೂಸಿಡಬ್ಲ್ಯೂನಲ್ಲಿದ್ದ ಹಲ್ಕ್ ಹೋಗನ್ ಖಳನಾದ. ಹತ್ತು ಹನ್ನೆರಡು ವರ್ಷ ಅಮೆರಿಕದ ಮಕ್ಕಳ ದೇವರಾಗಿದ್ದವನು ಪ್ರೇಕ್ಷಕರಿಗೇ ಬೈದ. ಅವರು ಅಖಾಡದೊಳಗೆ ಕಸ ಎಸೆದರು. ಆ ಬೇಸಿಗೆಯಿಂದ 1998ರ ಏಪ್ರಿಲ್‌ವರೆಗೆ ‘ನೈಟ್ರೊ’ ಒಂದು ವಾರವೂ ಸೋಲಲಿಲ್ಲ. ಸತತ 83 ವಾರ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ, ಪ್ರತಿ ಮಂಗಳವಾರ ಮೆಕ್‌ಮ್ಯಾನ್ ಕಚೇರಿಗೆ ಸೋಲಿನ ಅಂಕಿಯೇ ಬರುತ್ತಿತ್ತು.

ಇಲ್ಲಿ ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸುವುದು ಒಂದು ಅಪ್ಪುಗೆ. 1996ರ ಮೇ 19ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೆವಿನ್ ನ್ಯಾಶ್ ಮತ್ತು ಸ್ಕಾಟ್ ಹಾಲ್ ಡಬ್ಲ್ಯೂಡಬ್ಲ್ಯೂಎಫ್‌ಗೆ ಕೊನೆಯ ಸಲ ಆಡಿದರು. ಅವರನ್ನು ಡಬ್ಲ್ಯೂಸಿಡಬ್ಲ್ಯೂ ಸೆಳೆದುಕೊಂಡಿತ್ತು. ಅಲ್ಲಿ ಟಿಕೆಟ್ ಮಾರಾಟ ಹೇಗೇ ಇರಲಿ ಖಚಿತ ಸಂಬಳ, ದುಡಿಯುವ ದಿನಗಳೂ ಕಡಿಮೆ. ಆ ರಾತ್ರಿ ಪಂದ್ಯ ಮುಗಿದ ಮೇಲೆ ಅವರಿಬ್ಬರೂ, ಶಾನ್ ಮೈಕಲ್ಸ್ ಮತ್ತು ಟ್ರಿಪಲ್ ಎಚ್ ಅಖಾಡದ ನಡುವೆ ತಬ್ಬಿಕೊಂಡರು. ಕಥೆಯಲ್ಲಿ ಇಬ್ಬರು ನಾಯಕರು, ಇಬ್ಬರು ಖಳರು. ನಿಜದಲ್ಲಿ ಪ್ರಾಣಸ್ನೇಹಿತರು. ಪ್ರೇಕ್ಷಕರೆದುರು ಮುಖವಾಡ ಕಳಚಿದ್ದು ತೆರೆಮರೆಯ ಹಿರಿಯರಿಗೆ ಸಹಿಸಲಾಗದ ಅಪರಾಧವಾಯಿತು. ಇಬ್ಬರು ಹೊರಟೇ ಹೋಗಿದ್ದರು, ಮೈಕಲ್ಸ್ ಆಗ ಚಾಂಪಿಯನ್. ಹಾಗಾಗಿ ಶಿಕ್ಷೆ ಟ್ರಿಪಲ್ ಎಚ್ ಒಬ್ಬನಿಗೇ ಬಿತ್ತು. ಮುಂದಿನ ತಿಂಗಳ ‘ಕಿಂಗ್ ಆಫ್ ದಿ ರಿಂಗ್’ ಪಂದ್ಯಾವಳಿಯನ್ನು ಅವನು ಗೆಲ್ಲಬೇಕಿತ್ತು. ಅದನ್ನು ಕಿತ್ತು ಸ್ಟೀವ್ ಆಸ್ಟಿನ್‌ಗೆ ಕೊಟ್ಟರು. ಗಾಯಗೊಂಡು ಮನೆಯಲ್ಲಿದ್ದಾಗ, ಇವನಿಂದ ದುಡ್ಡು ಹುಟ್ಟುವುದಿಲ್ಲವೆಂದು ಡಬ್ಲ್ಯೂಸಿಡಬ್ಲ್ಯೂ 1995ರಲ್ಲಿ ಕೈಬಿಟ್ಟಿದ್ದ ಆಳು ಆಸ್ಟಿನ್. ಪಂದ್ಯಾವಳಿ ಗೆದ್ದ ರಾತ್ರಿ ಅವನು ಆಡಿದ ಮಾತುಗಳು ಟೀಷರ್ಟುಗಳ ಮೇಲೆ ದೇಶವೆಲ್ಲ ಹರಡಿದವು. 1998ರ ಏಪ್ರಿಲ್ 13ರಂದು ಆ ಆಸ್ಟಿನ್, ತನ್ನ ಧಣಿ ಮೆಕ್‌ಮ್ಯಾನ್ ಜೊತೆಗೇ ಕಾದಾಡುತ್ತಾನೆಂದು ಸಾರಿದರು. ಅಂದು ‘ರಾ’ 4.6, ‘ನೈಟ್ರೊ’ 4.3. ಎಂಬತ್ಮೂರು ವಾರದ ಸರಪಳಿ ತುಂಡಾಯಿತು. ನಾಲ್ವರು ಗೆಳೆಯರು ಬೀಳ್ಕೊಡುವಾಗ ತಬ್ಬಿಕೊಳ್ಳದೇ ಇದ್ದಿದ್ದರೆ ಆ ಪಂದ್ಯಾವಳಿ ಆಸ್ಟಿನ್ ಕೈಗೆ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಮಾಂಟ್ರಿಯಲ್ ಪ್ರಸಂಗ ನಡೆದುಹೋಗಿತ್ತು. ಡಬ್ಲ್ಯೂಡಬ್ಲ್ಯೂಎಫ್‌ನ ಜಟ್ಟಿ ಬ್ರೆಟ್ ಹಾರ್ಟ್‌ಗೆ ಡಬ್ಲ್ಯೂಸಿಡಬ್ಲ್ಯೂ ವರ್ಷಕ್ಕೆ ಮೂವತ್ತು ಲಕ್ಷ ಡಾಲರಿನ ಆಸುಪಾಸು ಕೊಡಲು ಬಂದಾಗ, ನಿಷ್ಠೆಗೆ ಬೆಲೆಕೊಟ್ಟು ಅವನು ಮೆಕ್‌ಮ್ಯಾನ್ ಜೊತೆ 20 ವರ್ಷದ ಕರಾರಿಗೆ ಸಹಿ ಹಾಕಿದ್ದ. ಅದು 1996. ಒಂದೇ ವರ್ಷದಲ್ಲಿ, ಅಷ್ಟು ಕೊಡಲು ನನ್ನಿಂದಾಗದು, ನೀನು ಅಲ್ಲಿಗೇ ಹೋಗು ಎಂದರು ಮೆಕ್‌ಮ್ಯಾನ್. ಹೋಗುವವನ ಸೊಂಟದಲ್ಲಿ ಚಾಂಪಿಯನ್ ಪಟ್ಟವಿತ್ತು. ಹಾರ್ಟ್ ಕೆನಡಾದವನು, ತನ್ನ ದೇಶದ ಜನರೆದುರು ಮೈಕಲ್ಸ್‌ಗೆ ಸೋಲಲು ಒಪ್ಪಲಿಲ್ಲ. 1997ರ ನವೆಂಬರ್ 9ರಂದು ಇಪ್ಪತ್ತು ಸಾವಿರ ಜನರೆದುರು ಮೈಕಲ್ಸ್ ಅವನ ಕಾಲಿಗೆ ಪಟ್ಟು ಹಾಕಿದ. ಹಾರ್ಟ್ ಬಿಡಿಸಿಕೊಳ್ಳುವುದೆಂದು ಮಾತಾಗಿತ್ತು. ರೆಫರಿ ಅರ್ಲ್ ಹೆಬ್ನರ್ ಗಂಟೆ ಬಾರಿಸಲು ಹೇಳಿ ಅಖಾಡದಿಂದ ಓಡಿಹೋದ. ಇಡೀ ಕಟ್ಟಡದಲ್ಲಿ ಒಳಸಂಚು ಗೊತ್ತಿದ್ದವರು ಬೆರಳೆಣಿಕೆಯ ಮಂದಿ. ಗೊತ್ತಿಲ್ಲದವರಲ್ಲಿ ಚಾಂಪಿಯನ್ ಕೂಡ ಒಬ್ಬ. ಹಾರ್ಟ್ ಮೆಕ್‌ಮ್ಯಾನ್ ಮುಖಕ್ಕೆ ಉಗಿದ. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಹೊಡೆದೂ ಹೊಡೆದ. ಬರೆದಿಟ್ಟ ಕಥೆಯ ಉದ್ಯಮದಲ್ಲಿ ಬರೆಯದೆ ಬಿದ್ದ ಏಟು ಅದು. ಆ ರಾತ್ರಿಯ ಸಿಟ್ಟಿನಿಂದಲೇ ಮೆಕ್‌ಮ್ಯಾನ್ ಎಂಬ ಖಳಧಣಿಯ ಪಾತ್ರ ಹುಟ್ಟಿತು, ಆಸ್ಟಿನ್‌ಗೆ ಎದುರಾಳಿ ಸಿಕ್ಕಿದ.

ಡಬ್ಲ್ಯೂಸಿಡಬ್ಲ್ಯೂಗೆ ಆಗ ಹಣದ ಬರವಿರಲಿಲ್ಲ. 1998ರ ಲಾಭ ಸುಮಾರು 5 ಕೋಟಿ 50 ಲಕ್ಷ ಡಾಲರ್. ಅಖಾಡಕ್ಕೆ ಕಾಲಿಡದೆಯೇ ವರ್ಷಗಟ್ಟಲೆ ಸಂಬಳ ಪಡೆದವರು ಇದ್ದರು. ತಮ್ಮ ಜಟ್ಟಿ ಗೋಲ್ಡ್‌ಬರ್ಗ್‌ನ ಸತತ ಗೆಲುವುಗಳನ್ನು 173ರವರೆಗೆ ಎಣಿಸಿದರು. ಮನೆಯಲ್ಲಿ ಕೂತು ಲೆಕ್ಕ ಇಟ್ಟಿದ್ದ ಅಭಿಮಾನಿಗಳು ನಡುವೆ ಅಂಕಿಗಳು ನೆಗೆಯುತ್ತಿರುವುದನ್ನು ಪತ್ತೆ ಹಚ್ಚಿದರು. 1998ರ ಜುಲೈ 6ರಂದು ಅಟ್ಲಾಂಟಾದ ಜಾರ್ಜಿಯಾ ಡೋಮಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನರೆದುರು ಗೋಲ್ಡ್‌ಬರ್ಗ್, ಹೋಗನ್‌ನನ್ನು ಸೋಲಿಸಿದ. ಪೇ-ಪರ್-ವ್ಯೂನಲ್ಲಿ ಮಾರಿದ್ದರೆ ಲಕ್ಷಾಂತರ ಮನೆಗಳು ಕಾಸು ಕೊಟ್ಟು ನೋಡುತ್ತಿದ್ದ ಕುಸ್ತಿ ಅದು. ಒಂದು ಸೋಮವಾರದ ರೇಟಿಂಗ್ ಗೆಲ್ಲುವುದಕ್ಕೆ ಅದನ್ನು ಪುಕ್ಕಟೆ ತೋರಿಸಿದರು. ಸೋಮವಾರ ಗೆದ್ದರು. ಆ ವರ್ಷದ ಅಕ್ಟೋಬರ್ 26ರ ನಂತರ ಮತ್ತೆ ಒಮ್ಮೆಯೂ ಗೆಲ್ಲಲಿಲ್ಲ.

1999ರ ಜನವರಿ 4ರಂದು ಅದೇ ಜಾರ್ಜಿಯಾ ಡೋಮಿನಿಂದ, ಬಿಷಾಫ್ ಅವರ ಅಪ್ಪಣೆಯಂತೆ, ವೀಕ್ಷಕ ವಿವರಣೆಗಾರ ಟೋನಿ ಶಿಯಾವೊನೆ ಹಳೆಯ ತಂತ್ರವನ್ನೇ ಬಳಸಿದರು. ಇವತ್ತು ‘ರಾ’ದಲ್ಲಿ ಮಿಕ್ ಫೋಲಿ ಚಾಂಪಿಯನ್ ಆಗುತ್ತಾನೆಂದು ಹೇಳಿ ಲೇವಡಿ ಮಾಡಿದರು. ಫೋಲಿ ಹಿಂದೆ ಅವರದೇ ಕಂಪನಿಯಲ್ಲಿದ್ದವನು. ಮ್ಯೂನಿಕ್‌ನ ಪಂದ್ಯವೊಂದರಲ್ಲಿ ಅಖಾಡದ ಹಗ್ಗಕ್ಕೆ ಸಿಕ್ಕಿ ಒಂದು ಕಿವಿಯ ಬಹುಭಾಗವನ್ನೇ ಕಳೆದುಕೊಂಡಿದ್ದ. ಇಷ್ಟು ವರ್ಷ ಪೆಟ್ಟು ತಿಂದ ಮನುಷ್ಯ ಕೊನೆಗೂ ಗೆಲ್ಲುತ್ತಾನೆಂದು ಗೊತ್ತಾದೊಡನೆ ಸುಮಾರು ಆರು ಲಕ್ಷ ಪ್ರೇಕ್ಷಕರು ರಿಮೋಟ್ ಒತ್ತಿ ಅತ್ತ ಹೋದರು. ‘ರಾ’ 5.7, ‘ನೈಟ್ರೊ’ 5.0. ಫಲಿತಾಂಶ ಮೊದಲೇ ಗೊತ್ತಿದ್ದರೂ ಜನ ನೋಡುತ್ತಾರೆ ಎಂಬ ಸತ್ಯ, ಬದುಕೆಲ್ಲ ಅದರ ಮೇಲೆಯೇ ಅನ್ನ ತಿಂದವರಿಗೆ ಆ ರಾತ್ರಿ ಹೊಳೆಯದೇ ಹೋದದ್ದು ನನಗೆ ಇಂದಿಗೂ ಅಚ್ಚರಿ.

ಈ ಅಂಕಿಗಳ ನಡುವೆ ಒಂದನ್ನು ಬರೆಯುವಾಗ ಕೈ ತಡೆಯುತ್ತದೆ. 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯ ಡಬ್ಲ್ಯೂಡಬ್ಲ್ಯೂಎಫ್ ಕಾರ್ಯಕ್ರಮದಲ್ಲಿ ಬ್ರೆಟ್‌ನ ತಮ್ಮ ಓವನ್ ಹಾರ್ಟ್‌ನನ್ನು ಛಾವಣಿಯಿಂದ ಹಗ್ಗದಲ್ಲಿ ಇಳಿಸುವ ಪ್ರವೇಶ ಇತ್ತು. ಕೊಕ್ಕೆ ಬಿಚ್ಚಿಕೊಂಡು 78 ಅಡಿಯಿಂದ ಬಿದ್ದ. ವಯಸ್ಸು 34. ಅವನನ್ನು ಹೊರಗೆ ಒಯ್ದ ಮೇಲೂ ಅಂದಿನ ಕಾರ್ಯಕ್ರಮ ನಿಲ್ಲಲಿಲ್ಲ. ಮುಂದಿನ ವರ್ಷ ಕುಟುಂಬಕ್ಕೆ ಸುಮಾರು 1 ಕೋಟಿ 80 ಲಕ್ಷ ಡಾಲರ್ ಪರಿಹಾರದ ರಾಜಿಯಾಯಿತು. ನಿಲ್ಲಿಸಬೇಕಿತ್ತು ಎಂಬ ಮಾತಿಗೆ ಯಾವ ರೇಟಿಂಗೂ ಉತ್ತರವಾಗುವುದಿಲ್ಲ. 1999ರ ಅಕ್ಟೋಬರಿನಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಒಂದಕ್ಕೆ 17 ಡಾಲರಿನಂತೆ ಷೇರು ಮಾರಿತು, ಮೆಕ್‌ಮ್ಯಾನ್ ಕಾಗದದ ಮೇಲೆ ನೂರು ಕೋಟಿ ಡಾಲರಿನ ಒಡೆಯರಾದರು.

2000ದಲ್ಲಿ ಡಬ್ಲ್ಯೂಸಿಡಬ್ಲ್ಯೂ ನಷ್ಟ ಸುಮಾರು 6 ಕೋಟಿ 20 ಲಕ್ಷ ಡಾಲರ್. ಆದರೂ ಬಿಷಾಫ್ ಮತ್ತು ಜೊತೆಗಾರರು ಕಂಪನಿಯನ್ನು ಆರೇಳು ಕೋಟಿ ಡಾಲರಿಗೆ ಕೊಳ್ಳಲು ಸಿದ್ಧರಿದ್ದರು. ಟರ್ನರ್ ಅವರ ಚಾನೆಲ್‌ಗಳು ಎಒಎಲ್ ಟೈಮ್ ವಾರ್ನರ್ ಕೈಗೆ ಹೋದ ಮೇಲೆ, ಹೊಸ ಅಧಿಕಾರಿ ಜೇಮಿ ಕೆಲ್ನರ್ 2001ರ ಮಾರ್ಚಿನಲ್ಲಿ ಕುಸ್ತಿಯನ್ನೇ ಚಾನೆಲ್‌ಗಳಿಂದ ತೆಗೆದುಹಾಕಿದರು. ಜಟ್ಟಿಗಳಿದ್ದರು, ಹೆಸರಿತ್ತು, ದಶಕಗಳ ಟೇಪುಗಳಿದ್ದವು. ಸೋಮವಾರ ರಾತ್ರಿ ಇರಲಿಲ್ಲ. ಬಿಷಾಫ್ ಬಳಗ ಹಿಂದೆ ಸರಿಯಿತು. ಉಳಿದದ್ದನ್ನು ಮೆಕ್‌ಮ್ಯಾನ್ ಸುಮಾರು 25 ಲಕ್ಷ ಡಾಲರಿಗೆ ಕೊಂಡರು. ಮಿಕ್ಕ ಖರ್ಚು ಸೇರಿಸಿ ಲೆಕ್ಕ ಹಾಕಿದವರೂ 45 ಲಕ್ಷ ದಾಟುವುದಿಲ್ಲ. ಬ್ರೆಟ್ ಹಾರ್ಟ್ ಒಬ್ಬನಿಗೆ ಒಂದು ವರ್ಷಕ್ಕೆ ಕೊಡಲು ಬಂದಿದ್ದ ಹಣಕ್ಕೂ ಇಡೀ ಕಂಪನಿಯ ಬೆಲೆಗೂ ಹೆಚ್ಚು ಅಂತರವಿರಲಿಲ್ಲ. ಮಾರ್ಚ್ 26ರಂದು ಫ್ಲೋರಿಡಾದ ಪನಾಮಾ ಸಿಟಿ ಬೀಚ್‌ನಲ್ಲಿ ಕೊನೆಯ ‘ನೈಟ್ರೊ’ ನಡೆಯಿತು. ಮೊದಲ ಸಂಚಿಕೆಯಲ್ಲಿ ಆಡಿದ್ದ ಸ್ಟಿಂಗ್ ಮತ್ತು ಫ್ಲೇರ್ ಜೋಡಿಯೇ ಕೊನೆಯ ಕುಸ್ತಿ ಆಡಿತು.

2024ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ‘ರಾ’ಗಾಗಿ ಹತ್ತು ವರ್ಷಕ್ಕೆ 500 ಕೋಟಿ ಡಾಲರಿಗೂ ಹೆಚ್ಚು ಕೊಡಲು ಒಪ್ಪಿತು. ಹತ್ತು ವರ್ಷಕ್ಕೆ 520 ಸೋಮವಾರ. ಇತರ ಕಾರ್ಯಕ್ರಮಗಳ ಹಕ್ಕುಗಳೂ ಈ ಮೊತ್ತದಲ್ಲಿ ಸೇರಿವೆ ನಿಜ. ಬರೀ ಭಾಗಾಕಾರ ಮಾಡಿದರೆ ಒಂದು ಸೋಮವಾರಕ್ಕೆ 96 ಲಕ್ಷ ಡಾಲರ್ ಬೀಳುತ್ತದೆ. 2001ರಿಂದ ಇತ್ತ ಏರಿದ ಬೆಲೆಗಳನ್ನು ಲೆಕ್ಕಕ್ಕೆ ಹಿಡಿದರೂ, ಅಂದು ಮೆಕ್‌ಮ್ಯಾನ್ ಕೊಟ್ಟದ್ದು ಇಂದಿನ ಒಂದು ಸೋಮವಾರದಷ್ಟಾಗುವುದಿಲ್ಲ. ಹೊಸ ಪ್ರಸಾರ 2025ರ ಜನವರಿ 6ರಂದು ಲಾಸ್ ಏಂಜಲೀಸ್ ಬಳಿಯಿಂದ ಶುರುವಾಯಿತು. ಅಖಾಡದಲ್ಲಿ ಬೀಳುವವರು ಇಂದಿಗೂ ಕಂಪನಿಯ ನೌಕರರಲ್ಲ, ಬಿಡಿ ಗುತ್ತಿಗೆದಾರರು. ನೆಟ್‌ಫ್ಲಿಕ್ಸ್ ಜೊತೆಗಿನ ಕರಾರಿನಲ್ಲಿ ಇನ್ನೊಂದು ಕಲಮಿದೆ. ಬೇಕಾದರೆ ಐದು ವರ್ಷಕ್ಕೇ ಹೊರಬರುವ ಹಕ್ಕನ್ನು ನೆಟ್‌ಫ್ಲಿಕ್ಸ್ ಉಳಿಸಿಕೊಂಡಿದೆ. ಕೆಲ್ನರ್ ಒಮ್ಮೆ ತೆಗೆದುಕೊಂಡ ತೀರ್ಮಾನ ಇನ್ನೊಬ್ಬರ ಮೇಜಿಗೆ ಬರುವುದು 2030ರ ಸುಮಾರಿಗೆ.